ಶಾಜಿಯಾಗೆ ಕೋರ್ಟು ತೋರಿಸಲು ಹೋದ ಎರಡು ದಿನ

ಬಾಬುರಾಯನಕೊಪ್ಪಲಿನ ನಮ್ಮ ಮನೆಯಿಂದ ಆಟೊ ಹಿಡಿದು ಶ್ರೀರಂಗಪಟ್ಟಣದ ಕೋರ್ಟಿನ ಗೇಟಿನಲ್ಲಿ ಇಳಿದಾಗ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಏಪ್ರಿಲ್ ತಿಂಗಳು. ಎರಡನೇ ಪಿಯುಸಿ ಫಲಿತಾಂಶ ಬಂದು ವಾರವಾಗಿತ್ತು. ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ನಯಾಜ್ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸದಾಗಿ ಕತ್ತರಿಸಿದ ಗಡ್ಡ, ಹೆಗಲಿಗೊಂದು ಚೀಲ. ಮದುವೆಗೆ ಹೊರಟವರ ಹಾಗೆ ಕಾಣುತ್ತಿದ್ದರು. ಅವರ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಮಗಳು ಶಾಜಿಯಾ ರಸ್ತೆಯಲ್ಲಿ ಹೋಗುವ ಬಸ್ಸುಗಳ ಬೋರ್ಡು ಓದುತ್ತಾ ನಿಂತಿದ್ದಳು.

ನಾನು ಇಲ್ಲಿನ ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಶಾಜಿಯಾ ಎರಡು ವರ್ಷ ನನ್ನ ವಿದ್ಯಾರ್ಥಿನಿ. ನಯಾಜ್ ಗಂಜಾಮಿನವರು, ಸ್ವಂತ ಟೆಂಪೊ ಇಟ್ಟುಕೊಂಡು ತರಕಾರಿ, ಮಂಚ, ಬೀರು, ಯಾರದು ಏನಿದ್ದರೂ ಸಾಗಿಸುತ್ತಾರೆ. ಫಲಿತಾಂಶ ಬಂದ ಮಾರನೆಯ ದಿನ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ಚಪ್ಪಲಿ ಹೊರಗೆ ಬಿಟ್ಟು ನಿಂತರು.

"ಮೇಡಂನೋರೆ, ಮಗಳ್ನ ಲಾ ಓದುಸ್ಬೇಕು ಅಂತಿವ್ನಿ. ಜಡ್ಜ್ ಮಾಡ್ಬೇಕು. ಅವ್ಳು ಆಗಲ್ಲ ಅನ್ನಾಕಿಲ್ಲ, ಆಯ್ತು ಅನ್ನಾಕೂ ಇಲ್ಲ. ಊಂ ಅಂತಾಳೆ ಅಷ್ಟೆ. ನೀವೇ ಒಂದ್ಸಲ ಕರ್ಕಂಡೋಗಿ ಕೋರ್ಟು ಕಚೇರಿ ತೋರ್ಸಿ. ಕಣ್ಣಾರ ನೋಡುದ್ರೆ ಆಸೆ ಉಟ್ತದೆ. ನಾನೂ ಬತ್ತೀನಿ, ಎರಡು ದಿವ್ಸ ಗಾಡಿ ನಿಲ್ಸ್‌ಬುಡ್ತೀನಿ."

ಬೇರೆ ಯಾರಾದರೂ ಕೇಳಿದ್ದರೆ ಒಪ್ಪುತ್ತಿರಲಿಲ್ಲವೇನೋ. ನನ್ನದೂ ಕಾನೂನು ಪದವಿ. ಓದು ಮುಗಿದ ವರ್ಷವೇ ಮದುವೆಯಾಯಿತು, ಮರುವರ್ಷ ಮಗು, ಆಮೇಲೆ ಈ ಕೆಲಸ. ವಕೀಲಿ ಮಾಡಲು ಬೇಕಾದ ಸನ್ನದು ತೆಗೆದುಕೊಳ್ಳಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ನ್ಯಾಯಾಂಗದ ಅಧ್ಯಾಯ ಓದಿಸಿದ್ದೇನೆ. ಪ್ರತಿ ವರ್ಷವೂ ಆ ಪಾಠವನ್ನು ಒಂದು ವಾರ ಹೆಚ್ಚಾಗಿ ಎಳೆಯುತ್ತೇನೆ ಎಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಾರೆ. ಆದ್ದರಿಂದ ನಯಾಜ್ ಕೇಳಿದ ತಕ್ಷಣ ಹೂಂ ಎಂದೆ. ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕು ಸೇರಿ ಒಂದು ಕಂದಾಯ ಉಪವಿಭಾಗ. ನಾಲ್ಕನ್ನೂ ಸುತ್ತಿ ಬಂದರೆ ಸರ್ಕಾರ ಎಂಬುದು ಜನರ ಮಟ್ಟಕ್ಕೆ ಬಂದಾಗ ಹೇಗಿರುತ್ತದೆ ಎಂದು ಹುಡುಗಿಗೆ ಗೊತ್ತಾಗುತ್ತದೆ ಎಂದು ಲೆಕ್ಕ ಹಾಕಿದೆ. ನಾಗಮಂಗಲ ನಾನು ಹುಟ್ಟಿದ ಊರು ಎಂಬುದನ್ನು ಅವರಿಗೆ ಹೇಳಲಿಲ್ಲ.

ಕೋರ್ಟಿನೊಳಗೆ ಯಾರು ಬೇಕಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು. ಮೊಬೈಲು ಆಫ್ ಮಾಡಿ, ಶಬ್ದ ಮಾಡದೆ ಇದ್ದರಾಯಿತು. ನಾನು, ಶಾಜಿಯಾ ಒಳಗೆ ಹೋಗಿ ಕೂತು ನೋಡಿದರೆ ನಯಾಜ್ ಇಲ್ಲ. ಹೊಸ್ತಿಲಿನ ಆಚೆಯೇ ನಿಂತುಬಿಟ್ಟಿದ್ದರು. ಕೈ ಸನ್ನೆ ಮಾಡಿ ಕರೆದೆ. ಬರಲ್ಲ ಎಂದು ತಲೆಯಾಡಿಸಿದರು. ಎದ್ದು ಹೋಗಿ ಕೇಳಿದೆ.

"ಇಲ್ಲಿ ನಮ್ಮಪ್ಪಂದು ಟೀ ಅಂಗಡಿ ಇತ್ತು ಮೇಡಂನೋರೆ, ಆಚೆ ಕಾಂಪೌಂಡ್ ಮಗ್ಗುಲಲ್ಲಿ," ಎಂದರು ಪಿಸುಗುಟ್ಟುತ್ತಾ. "ಎಂಟ್ನೇ ಕ್ಲಾಸಿಗೆ ಸ್ಕೂಲ್ ಬುಟ್ಟು ನಾನೇ ಟೀ ತರ್ತಿದ್ದೆ. ಬಾಗ್ಲತ್ರ ಲೋಟ ಇಡಾದು, ಒಂಟೋಗಾದು. ಒಳೀಕೆ ಕಾಲಿಟ್ಟೇ ಇಲ್ಲ. ಈಗ್ಲೂ ಕಾಲು ಬತ್ತಾ ಇಲ್ಲ ನೋಡಿ."

"ಈಗ ಯಾರೂ ಏನೂ ಅನ್ನಲ್ಲ, ಬನ್ನಿ" ಎಂದೆ. ಬಂದು ಬೆಂಚಿನ ತುದಿಯಲ್ಲಿ ಕೂತರು, ಬೆನ್ನು ಒರಗಿಸದೆ. ಒಳಗೆ ಕೇಸುಗಳನ್ನು ಕೂಗುತ್ತಿದ್ದರು, ವಾಯಿದೆ ಕೊಡುತ್ತಿದ್ದರು, ಮುಂದಿನದನ್ನು ಕೂಗುತ್ತಿದ್ದರು. ಸಿನಿಮಾದಲ್ಲಿ ಕಾಣುವ ಹಾಗೆ ಯಾರೂ ಗುಡುಗಲಿಲ್ಲ. ಫ್ಯಾನಿನ ಸದ್ದಿನಲ್ಲಿ ಅರ್ಧ ಮಾತು ಕೇಳಿಸುತ್ತಲೇ ಇರಲಿಲ್ಲ. ಆದರೆ ನಯಾಜ್ ರೆಪ್ಪೆ ಬಡಿಯದೆ ನೋಡುತ್ತಿದ್ದರು. ಒಬ್ಬ ಯುವ ವಕೀಲೆ ಎದ್ದು ನಿಂತು ನಾಲ್ಕು ಮಾತು ಹೇಳಿ ಕೂತಾಗ ಮಗಳ ಮೊಣಕೈ ತಟ್ಟಿ ತೋರಿಸಿದರು. ನಾನೂ ಆ ವಕೀಲೆಯನ್ನೇ ನೋಡುತ್ತಿದ್ದೆ. ಅವಳು ಹೇಳಿದ ನಾಲ್ಕು ಮಾತಿನಲ್ಲಿ ಒಂದನ್ನು ನಾನಾಗಿದ್ದರೆ ಬೇರೆ ರೀತಿ ಹೇಳುತ್ತಿದ್ದೆ ಎಂದು ಮನಸ್ಸು ಸುಮ್ಮನೆ ತಿದ್ದುತ್ತಿತ್ತು. ಶಾಜಿಯಾ ಮಾತ್ರ ಕಿಟಕಿಯ ಹತ್ತಿರ ಕೂತಿದ್ದಳು. ಅವಳ ಮುಖ ಅತ್ತ ಇತ್ತು.

ಮಧ್ಯಾಹ್ನ ಪಾಂಡವಪುರದ ಬಸ್ಸು ಹತ್ತಿದೆವು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ನಾನು, ಶಾಜಿಯಾ ಆಧಾರ್ ಕಾರ್ಡು ತೋರಿಸಿದೆವು. "ನಾನೊಬ್ನೇ ಸರ್ಕಾರಕ್ಕೆ ದುಡ್ಡು ಕೊಡೋ ಗಿರಾಕಿ" ಎಂದು ನಯಾಜ್ ನಗುತ್ತಾ ಟಿಕೆಟು ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. ಅರ್ಧ ಗಂಟೆಯ ದಾರಿ. ನಾಲೆಯಲ್ಲಿ ನೀರಿತ್ತು, ಎರಡೂ ಬದಿಗೆ ಕಬ್ಬು, ನಡುನಡುವೆ ಬಾಳೆ. ಊರು ಹತ್ತಿರವಾದಂತೆ ಕುಂತಿಬೆಟ್ಟದ ಜೋಡಿ ಬಂಡೆಗಳು ಎದ್ದು ನಿಂತವು.

ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಮುದ್ದೆ, ಬಸ್ಸಾರು, ಹುರುಳಿಕಾಳಿನ ಪಲ್ಯ ಉಂಡು ಉಪವಿಭಾಗಾಧಿಕಾರಿಯ ಕಚೇರಿಗೆ ಹೋದೆವು. ಜನ ಅವರನ್ನು ಎ.ಸಿ. ಸಾಹೇಬರು ಎನ್ನುತ್ತಾರೆ. ಜಮೀನಿನ ಖಾತೆ, ಪಹಣಿಯ ತಕರಾರುಗಳು ತಹಶೀಲ್ದಾರರ ಹಂತ ದಾಟಿದರೆ ಮೇಲ್ಮನವಿ ಇಲ್ಲಿಗೇ ಬರುತ್ತದೆ. ಅಂದು ಸಾಹೇಬರು ಕ್ಯಾಂಪ್ ಹೋಗಿದ್ದರು. ನಾನು ಕಾಲೇಜಿನ ಗುರುತಿನ ಚೀಟಿ ತೋರಿಸಿ ಬಂದ ಕಾರಣ ಹೇಳಿದ ಮೇಲೆ ಅಲ್ಲಿದ್ದ ಗುಮಾಸ್ತೆ, ನಡುವಯಸ್ಸಿನ ಹೆಂಗಸು, ವಿಚಾರಣೆ ನಡೆಸುವ ಹಾಲಿನ ಬಾಗಿಲು ತೆರೆದು ತೋರಿಸಿದರು.

ಖಾಲಿ ಹಾಲು. ಎತ್ತರದ ಕಟ್ಟೆಯ ಮೇಲೆ ಉದ್ದನೆಯ ಮೇಜು, ಅದರ ಹಿಂದೆ ದೊಡ್ಡ ಕುರ್ಚಿ, ಕುರ್ಚಿಯ ಬೆನ್ನಿಗೆ ಬಿಳಿ ಟವೆಲು. ನಯಾಜ್ ಬಹಳ ಹೊತ್ತು ಆ ಟವೆಲನ್ನೇ ನೋಡಿದರು.

"ಇಲ್ಲಿ ಕುಂತ್ಕಂಡು ಎಷ್ಟು ಊರು ಆಳ್ತಾರೆ ಅಮ್ಮೋರೆ?"

"ಆಳೋದೇನಿಲ್ಲ ಸಾಹೇಬ್ರೆ, ನೋಡ್ಕೊಳ್ಳೋದು," ಎಂದು ಗುಮಾಸ್ತೆ ನಕ್ಕರು. "ನಾಕು ತಾಲ್ಲೂಕು. ಕೆ.ಎ.ಎಸ್. ಬರ್ದು ಬರೋರು ಇದಾರೆ. ಐ.ಎ.ಎಸ್. ಆದೋರಿಗೂ ಮೊದಲ ಪೋಸ್ಟಿಂಗ್ ಇಂಥ ಕಡೆನೇ ಸಿಗೋದು. ಮೂವತ್ತು ತುಂಬಿರಲ್ಲ ಕೆಲವ್ರಿಗೆ, ಮಕ್ಕಳಂಗಿರ್ತಾರೆ."

ಗೋಡೆಯ ಮೇಲೆ ಇದುವರೆಗೆ ಕೆಲಸ ಮಾಡಿದ ಅಧಿಕಾರಿಗಳ ಹೆಸರಿನ ಹಲಗೆ ಇತ್ತು. ನಯಾಜ್ ಮಗಳಿಗೆ ಓದಿ ಹೇಳು ಎಂದರು. ಅವಳು ಮೇಲಿನಿಂದ ಕೆಳಗಿನವರೆಗೆ ಓದಿದಳು. ಹೆಂಗಸರ ಹೆಸರು ಬಂದಾಗಲೆಲ್ಲ ಅವರು ಬೆರಳು ಮಡಚಿದರು. ಕೆಳಗೆ ಇನ್ನೂ ಹೆಸರು ಬರೆಯಲು ಜಾಗವಿತ್ತು. ಅವರು ಆ ಜಾಗವನ್ನು ನೋಡಿದ ರೀತಿ ಕಂಡು ನನಗೆ ಏನೋ ಆಯಿತು. ನಮ್ಮಪ್ಪನೂ ಒಂದು ಕಾಲಕ್ಕೆ ನನ್ನ ಬಗ್ಗೆ ಹೀಗೇ ಯಾವುದಾದರೂ ಗೋಡೆಯನ್ನು ನೋಡಿದ್ದರೋ ಏನೋ. ಕೇಳಲು ಈಗ ಅವರಿಲ್ಲ.

ಆ ದಿನ ಶಾಜಿಯಾ ಒಂದೇ ಒಂದು ಪ್ರಶ್ನೆ ಕೇಳಿದಳು. "ಮೇಡಂ, ಸಾಹೇಬ್ರು ಕ್ಯಾಂಪ್ ಅಂದ್ರೆ ಎಲ್ಲಿಗೆ ಹೋಗ್ತಾರೆ?"

"ಎಲ್ಲಿಗಂತ ಹೇಳೋದು ಕಣಮ್ಮ," ಎಂದರು ಗುಮಾಸ್ತೆ. "ಕೆರೆ ಒತ್ತುವರಿ ಅಂತ ಕೆರೆಗೆ, ದಾರಿ ತಕರಾರು ಅಂತ ಹೊಲಕ್ಕೆ. ಕುರ್ಚೀಲಿ ಕೂರೋದು ವಾರಕ್ಕೆ ಎರಡು ದಿನ."

"ಹೌದಾ!" ಎಂದಳು ಶಾಜಿಯಾ. ಅವಳ ದನಿಯಲ್ಲಿ ಬೆಳಗಿನಿಂದ ಇಲ್ಲದ ಜೀವ ಬಂದಿತ್ತು. ನಾನು ಗಮನಿಸಿದೆ, ಅದಕ್ಕೆ ಅರ್ಥವೇನೆಂದು ಆಗ ಹೊಳೆಯಲಿಲ್ಲ.

ಚಿನಕುರಳಿ ಮೇಲೆ ಹೋಗುವ ಬಸ್ಸು ಹಿಡಿದು ಸಂಜೆ ಕೆ.ಆರ್. ಪೇಟೆ ತಲುಪಿದೆವು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾಲಿನ ಕ್ಯಾನು, ಕಾಲೇಜು ಹುಡುಗರು, ಆಸ್ಪತ್ರೆಯಿಂದ ಮರಳುವ ಬಾಣಂತಿ, ಅವಳ ತಾಯಿ. ನಯಾಜ್ ತಮ್ಮ ಸೀಟನ್ನು ಬಾಣಂತಿಗೆ ಬಿಟ್ಟುಕೊಟ್ಟು ಕಂಬಿ ಹಿಡಿದು ನಿಂತರು. ರಾತ್ರಿ ಅವರು ಪೇಟೆಯಲ್ಲಿರುವ ತಮ್ಮ ದೊಡ್ಡಪ್ಪನ ಮಗನ ಮನೆಗೆ ಹೋದರು. ನಾನು, ಶಾಜಿಯಾ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಚಿಕ್ಕಮ್ಮ ನಮಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿ ಕೊಟ್ಟರು.

ಊಟಕ್ಕೆ ಮುಂಚೆ ಮಹಡಿಯ ಮೇಲೆ ನಿಂತಿದ್ದಾಗ ಶಾಜಿಯಾ ತಾನಾಗಿಯೇ ಮಾತು ತೆಗೆದಳು.

"ಮೇಡಂ, ನಾನು ಇಷ್ಟು ದೂರ ಬಂದಿದ್ದು ಇದೇ ಮೊದಲು. ಮೈಸೂರಿಗೆ ಆಸ್ಪತ್ರೆಗೆ ಹೋಗಿದೀನಿ, ಅಷ್ಟೆ. ಅಬ್ಬಾ ದಿನಾ ಟೆಂಪೊದಲ್ಲಿ ಎಷ್ಟೊಂದು ಊರಿಗೆ ಹೋಗ್ತಾರೆ. ರಾತ್ರಿ ಬಂದು ಆ ಊರಲ್ಲಿ ಹಾಗಿತ್ತು, ಈ ಊರಲ್ಲಿ ಹೀಗಿತ್ತು ಅಂತ ಹೇಳ್ತಾರೆ. ನಾನು, ಅಮ್ಮಿ ಕೇಳ್ಕೊಂಡು ಕೂತಿರ್ತೀವಿ."

"ಲಾ ಓದೋಕೆ ಇಷ್ಟ ಇಲ್ವಾ ನಿಂಗೆ?"

"ಇಷ್ಟ ಇಲ್ಲ ಅಂತ ಅಲ್ಲ..." ಎಂದು ನಿಲ್ಲಿಸಿದಳು. ದೂರದಲ್ಲಿ ತೆಂಗಿನ ತೋಟದ ಮೇಲೆ ಇನ್ನೂ ಸ್ವಲ್ಪ ಬೆಳಕಿತ್ತು. "ಅಬ್ಬಾಗೆ ಅದು ಎಷ್ಟು ಇಷ್ಟ ಅಂತ ಗೊತ್ತು. ಅದಕ್ಕೇ ಏನು ಹೇಳ್ಬೇಕೋ ಗೊತ್ತಾಗಲ್ಲ."

ಮರುದಿನ ಬೆಳಿಗ್ಗೆ ವಿಮಲಾಳ ಕಚೇರಿಗೆ ಹೋದೆವು. ವಿಮಲಾ ನನ್ನ ಲಾ ಕಾಲೇಜಿನ ಗೆಳತಿ, ಕೆ.ಆರ್. ಪೇಟೆಯಲ್ಲೇ ವಕೀಲಿ ಮಾಡುತ್ತಾಳೆ. ಕೋರ್ಟಿಗೆ ಎರಡು ಬೀದಿ ದೂರದಲ್ಲಿ ಒಂದು ಕೋಣೆಯ ಕಚೇರಿ, ಗೋಡೆ ತುಂಬ ಕೆಂಪು ಬೈಂಡಿನ ಪುಸ್ತಕ, ಬಾಗಿಲಲ್ಲಿ ಕಕ್ಷಿದಾರರಿಗೆ ಬೆಂಚು. ನಮಗೆ ಕಾಫಿ ತರಿಸಿ, ಶಾಜಿಯಾಳನ್ನು ಎದುರಿಗೆ ಕೂರಿಸಿಕೊಂಡು ಮುಚ್ಚುಮರೆ ಇಲ್ಲದೆ ಹೇಳಿದಳು.

"ಪಿಯುಸಿ ಆದ್ಮೇಲೆ ಐದು ವರ್ಷದ ಕೋರ್ಸು. ಆಮೇಲೆ ಯಾರಾದ್ರೂ ಸೀನಿಯರ್ ಹತ್ರ ಸೇರ್ಕೋಬೇಕು. ಮೊದಲ ಮೂರು ನಾಕು ವರ್ಷ ಸಂಪಾದನೆ ಅಂತ ಏನೂ ಇರಲ್ಲ, ಬಸ್ ಚಾರ್ಜಿಗೂ ಮನೇಲಿ ಕೇಳ್ಬೇಕು. ನನ್ನನ್ನ ಈ ಊರಲ್ಲಿ ಜನ ವಕೀಲೆ ಅಂತ ಒಪ್ಕೊಳ್ಳೋಕೆ ಹತ್ತು ವರ್ಷ ಹಿಡೀತು. ಜಡ್ಜ್ ಪರೀಕ್ಷೆ ಬರೀಬಹುದು, ಸರ್ಕಾರಿ ವಕೀಲರ ಪರೀಕ್ಷೆ ಬರೀಬಹುದು. ಕಷ್ಟ ಇದೆ, ಆಗದೇ ಇರೋದೇನಲ್ಲ. ಆದ್ರೆ ಒಂದು ಹೇಳ್ತೀನಿ ಕಣಮ್ಮ. ಇದು ಕೂತು ಓದೋ ಕೆಲಸ. ಜೀವನ ಪೂರ್ತಿ ಓದ್ತಾನೇ ಇರ್ಬೇಕು. ಅದು ಇಷ್ಟ ಆದ್ರೆ ಇದಕ್ಕಿಂತ ಒಳ್ಳೇದು ಬೇರೆ ಇಲ್ಲ."

ನಯಾಜ್ ಪ್ರತಿ ವಾಕ್ಯಕ್ಕೂ ತಲೆದೂಗುತ್ತಿದ್ದರು. ಬಾಗಿಲ ಹಿಂದಿನ ಮೊಳೆಯಲ್ಲಿ ವಿಮಲಾಳ ಕರಿ ಕೋಟು ನೇತಾಡುತ್ತಿತ್ತು. ಬಹಳ ಹಿಂಜರಿದು ಕೇಳಿದರು.

"ಮೇಡಂ, ತೆಪ್ಪು ತಿಳ್ಕಬ್ಯಾಡಿ. ಒಂದ್ಸಲ ನಮ್ಮುಡ್ಗಿ ಅದನ್ನ ಆಕ್ಕಂಡ್ರೆ ಏನಾರ ಆಯ್ತದಾ?"

"ಇಲ್ಲೇನೂ ಆಗಲ್ಲ ಬಿಡಿ, ಹಾಕ್ಕೊಳ್ಳಲಿ" ಎಂದಳು ವಿಮಲಾ.

ಕೋಟಿನ ತೋಳು ಶಾಜಿಯಾಳ ಬೆರಳ ತುದಿಯವರೆಗೆ ಬಂತು. ನಯಾಜ್ ಮೊಬೈಲು ತೆಗೆದರು. "ಅಂಗೇ ನಿಂತ್ಕೊ ಬೇಟಾ, ತಲೆ ಎತ್ತು" ಎಂದರು. ಶಾಜಿಯಾ ತಲೆ ಎತ್ತಿದಳು, ನಕ್ಕಳು, ಫೋಟೊ ಆದ ಕೂಡಲೇ "ಸೆಕೆ" ಎಂದು ಕೋಟು ಕಳಚಿ ಎರಡೂ ಕೈಯಲ್ಲಿ ವಿಮಲಾಳಿಗೆ ಒಪ್ಪಿಸಿದಳು.

ವಿಮಲಾ ಅದನ್ನು ಮೊಳೆಗೆ ಹಾಕದೆ ನನ್ನ ಕಡೆ ಚಾಚಿದಳು. "ನೀನೂ ಹಾಕ್ಕೊಳೇ. ನಿನ್ನ ಅಳತೆಗೆ ಸರಿಯಾಗುತ್ತೆ."

ಬಟ್ಟೆಯ ಅಂಚು ನನ್ನ ಕೈಗೆ ತಾಕಿತು. ಮೊಣಕೈ ಹತ್ತಿರ ಸವೆದು ನುಣ್ಣಗಾಗಿತ್ತು.

"ಬೇಡ ಕಣೇ," ಎಂದೆ. "ಹಾಕ್ಕೊಂಡ್ರೆ ತೆಗೆಯೋದು ಕಷ್ಟ."

ವಿಮಲಾ ಮತ್ತೆ ಒತ್ತಾಯ ಮಾಡಲಿಲ್ಲ. ನಮ್ಮನ್ನು ಕೋರ್ಟಿಗೆ ಕರೆದುಕೊಂಡು ಹೋಗಿ ಒಂದು ಪಾಟೀ ಸವಾಲು ತೋರಿಸಿದಳು. ಪಾಲು ವಿಭಾಗದ ದಾವೆಯಲ್ಲಿ ಸಾಕ್ಷಿಯಾಗಿ ಬಂದ ವೃದ್ಧರೊಬ್ಬರಿಗೆ ಅವಳು ಸಮಾಧಾನದಿಂದ, ಒಂದಾದ ಮೇಲೊಂದು ಪ್ರಶ್ನೆ ಹಾಕುತ್ತಾ ಹೋದಳು. ನಮ್ಮಿಬ್ಬರಲ್ಲಿ ಕಾಲೇಜಿನ ಚರ್ಚಾ ಸ್ಪರ್ಧೆಗೆ ಹೆಸರು ಕೊಡುತ್ತಿದ್ದವಳು ನಾನು. ಅವಳು ಮೈಕಿನ ಮುಂದೆ ನಿಂತರೆ ಬೆವರುತ್ತಿದ್ದಳು. ಹೊಟ್ಟೆಕಿಚ್ಚು ಬಂತು ಎಂದರೆ ಸುಳ್ಳಾಗುತ್ತದೆ. ನನ್ನ ಮನೆಯೊಳಗೆ ಬೇರೆ ಯಾರೋ ಸುಖವಾಗಿ ಸಂಸಾರ ಮಾಡುತ್ತಿರುವುದನ್ನು ಹೊರಗಿನಿಂದ ನೋಡಿದ ಹಾಗಿತ್ತು.

ಮಧ್ಯಾಹ್ನ ನಾಗಮಂಗಲಕ್ಕೆ ಹಳ್ಳಿಗಳ ಮೇಲೆ ಹೋಗುವ ಬಸ್ಸು ಸಿಕ್ಕಿತು. ಕೆ.ಆರ್. ಪೇಟೆಯ ನೀರಾವರಿ ಹಿಂದೆ ಬಿದ್ದಂತೆ ನೆಲದ ಬಣ್ಣ ಬದಲಾಯಿತು. ಕೆಂಪು ಮಣ್ಣು, ಮಳೆಗೆ ಕಾಯುತ್ತಾ ಖಾಲಿ ಬಿದ್ದಿರುವ ರಾಗಿ ಹೊಲ, ಬದುಗಳಲ್ಲಿ ತೆಂಗು, ಅಲ್ಲಲ್ಲಿ ಹುಣಸೆ. ಇದು ನನ್ನ ಬಾಲ್ಯದ ನೆಲ. ಕಿಟಕಿಯಿಂದ ಬರುವ ಬಿಸಿ ಗಾಳಿಗೂ ಒಂದು ಗುರುತಿನ ವಾಸನೆ ಇತ್ತು. ನಯಾಜ್ ಮೊಬೈಲಿನಲ್ಲಿ ಮಗಳ ಫೋಟೊವನ್ನು ಹೆಂಡತಿಗೆ, ಅಣ್ಣನಿಗೆ, ಟೆಂಪೊ ಸ್ಟ್ಯಾಂಡಿನ ಗೆಳೆಯರಿಗೆ ಕಳುಹಿಸುತ್ತಾ ಕೂತಿದ್ದರು.

ನಾಗಮಂಗಲಕ್ಕೆ ಇನ್ನೂ ಎಂಟು ಹತ್ತು ಕಿಲೋಮೀಟರ್ ಇರುವಾಗ ಬಸ್ಸಿನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಎಲ್ಲರೂ ಇಳಿದು ಹುಣಸೆ ಮರದ ನೆರಳಿಗೆ ಬಂದೆವು. ನಯಾಜ್ ಅಂಗಿಯ ತೋಳು ಮಡಚಿ ಡ್ರೈವರಿಗೆ ಸ್ಟೆಪ್ನಿ ಬದಲಿಸಲು ನೆರವಿಗೆ ಹೋದರು. ರಸ್ತೆಯ ಪಕ್ಕದ ಹೊಲದಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಗಲಾಟೆ ಕೇಳಿಸುತ್ತಿತ್ತು. ನಡುವೆ ಸಲ್ವಾರಿನ ಮೇಲೆ ಉದ್ದ ತೋಳಿನ ಅಂಗಿ, ತಲೆಗೆ ಟೋಪಿ ಹಾಕಿಕೊಂಡ ಒಬ್ಬ ಯುವತಿ ನಿಂತಿದ್ದಳು. ಅವಳ ಮುಂದೆ ಆಳೆತ್ತರದ ಒಂದು ಕೋಲು, ಕೋಲಿನ ತುದಿಯಲ್ಲಿ ಬಿಳಿಯ ಡಬ್ಬಿಯಂಥ ಯಂತ್ರ.

"ಸರ್ವೆ ಅಮ್ಮ ಬಂದವ್ರೆ," ಎಂದರು ನಮ್ಮ ಬಸ್ಸಿನಲ್ಲಿದ್ದ ಒಬ್ಬ ಅಜ್ಜಿ. "ದಾಯಾದಿಗಳ ಜಗಳ. ಅದ್ದುಬಸ್ತಿಗೆ ಆಕವ್ರೆ." ಹದ್ದುಬಸ್ತು ಎಂದರೆ ಜಮೀನಿನ ಗಡಿಯನ್ನು ಸರ್ಕಾರದ ಕಡೆಯಿಂದ ಅಳೆದು ಗುರುತು ಮಾಡಿಸುವುದು.

ನಾನು ಅಜ್ಜಿಯ ಜೊತೆ ಮಾತಾಡಿ ತಿರುಗಿ ನೋಡುವಷ್ಟರಲ್ಲಿ ಶಾಜಿಯಾ ಬದು ದಾಟಿ ಹೊಲದೊಳಗೆ ನಡೆದುಹೋಗಿದ್ದಳು. ನಾನೂ ಹಿಂದೆಯೇ ಹೋದೆ. ಇಬ್ಬರು ರೈತರು, ಅಣ್ಣತಮ್ಮಂದಿರ ಮಕ್ಕಳು, ಒಬ್ಬರನ್ನೊಬ್ಬರು ಬಯ್ಯುತ್ತಿದ್ದರು.

"ನಿಮ್ಮಪ್ಪ ಒತ್ಕಂಡಿದ್ದು ಕಣ್ಲಾ ಇದು, ಊರಿಗೇ ಗೊತ್ತು!"

"ಲೇ, ಸತ್ತೋರ ಮಾತು ಎತ್ತಬ್ಯಾಡ. ಮುಚ್ಕಂಡು ನಿಂತ್ಕೊ, ಅಮ್ಮೋರು ಅಳೀಲಿ."

ಸರ್ವೆಯರ್ ಇಬ್ಬರ ಮಾತಿಗೂ ತಲೆ ಕೆಡಿಸಿಕೊಳ್ಳದೆ ಕೈಯಲ್ಲಿದ್ದ ಪರದೆ ನೋಡುತ್ತಿದ್ದಳು. ಶಾಜಿಯಾ ಹತ್ತಿರ ಹೋಗಿ "ಅಕ್ಕಾ, ಇದು ಏನು ಮಾಡುತ್ತೆ?" ಎಂದು ಕೇಳಿಯೇಬಿಟ್ಟಳು. ಎರಡು ವರ್ಷ ತರಗತಿಯಲ್ಲಿ ಎದ್ದು ಒಂದೂ ಪ್ರಶ್ನೆ ಕೇಳದ ಹುಡುಗಿ.

ಆಕೆ ತಲೆ ಎತ್ತಿ ನೋಡಿ, "ಉಪಗ್ರಹದಿಂದ ಜಾಗ ಹಿಡಿಯುತ್ತೆ. ಬಾ, ಹಿಡ್ಕೋ. ನಮ್ಮ ಕಡೆಯೋರು ಒಬ್ರು ಇವತ್ತು ಬಂದಿಲ್ಲ," ಎಂದಳು. "ಇಲ್ಲಿ ಗಾಳಿಗುಳ್ಳೆ ಕಾಣ್ತಿದೆಯಲ್ಲ, ಅದು ಈ ಸುತ್ತಿನ ಒಳಗೇ ಇರ್ಬೇಕು. ಆಚೆ ಹೋದ್ರೆ ಕೋಲು ವಾಲಿದೆ ಅಂತ."

ಶಾಜಿಯಾ ಎರಡೂ ಕೈಯಲ್ಲಿ ಕೋಲು ಹಿಡಿದಳು. ಸರ್ವೆಯರ್ ಹೇಳಿದಲ್ಲೆಲ್ಲ ಹೋಗಿ ನೆಟ್ಟಳು. ಉತ್ತ ಹೆಂಟೆಗಳ ಮೇಲೆ ಚಪ್ಪಲಿ ಜಾರುತ್ತಿತ್ತು, ಕಳಚಿ ಬದುವಿನಲ್ಲಿಟ್ಟು ಬರಿಗಾಲಲ್ಲಿ ನಡೆದಳು. ಜಗಳವಾಡುತ್ತಿದ್ದವರೂ ಅವಳ ಹಿಂದೆ ನಡೆದರು, ಊರವರೂ ನಡೆದರು. ಕೊನೆಗೆ ಒಂದು ಲಂಟಾನ ಪೊದೆಯ ಹತ್ತಿರ ಸರ್ವೆಯರ್ "ಇಲ್ಲಿ ಅಗೀರಿ" ಎಂದಳು. ಪೊದೆ ಕಡಿದು ಮೊಳದಷ್ಟು ಆಳ ಅಗೆದಾಗ ಗುದ್ದಲಿ ಠಣ್ಣೆಂದಿತು. ಮಣ್ಣು ಸರಿಸಿದರೆ ತಲೆಯ ಮೇಲೆ ಗೀಟು ಕೊರೆದ ಹಳೆಯ ಬಾಂದುಕಲ್ಲು. ಗಡಿಗೆಂದು ಯಾವ ಕಾಲದಲ್ಲೋ ನೆಟ್ಟದ್ದು. ಇಬ್ಬರು ರೈತರೂ ಬಾಗಿ ನೋಡಿದರು. ಬೈಗುಳ ನಿಂತುಹೋಯಿತು.

"ಇಲ್ಲೇ ಮಲ್ಗೈತಲ್ಲಪ್ಪ" ಎಂದ ಒಬ್ಬ. ಇನ್ನೊಬ್ಬ ಹೆಗಲ ಟವೆಲಿನಲ್ಲಿ ಕಲ್ಲಿನ ಮೇಲಿನ ಮಣ್ಣು ಒರೆಸಿದ. ಸ್ವಲ್ಪ ಹೊತ್ತಾದ ಮೇಲೆ ಅವನೇ ನಮಗೆಲ್ಲ ಎಳನೀರು ಕೆಡವಿಸಿದ.

ಎಳನೀರು ಕುಡಿಯುತ್ತಾ ಶಾಜಿಯಾ ಸರ್ವೆಯರ್ ಪಕ್ಕದಲ್ಲಿ ಬದುವಿನ ಮೇಲೆ ಕೂತು ಒಂದೇ ಸಮನೆ ಕೇಳುತ್ತಿದ್ದಳು. ಆಕೆಯ ಹೆಸರು ಪುಷ್ಪಲತಾ, ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿ ಆಮೇಲೆ ಪರೀಕ್ಷೆ ಬರೆದವಳು. ದಿನಾ ಒಂದೊಂದು ಊರು. ಬಿಸಿಲು, ಮುಳ್ಳು, ಒಮ್ಮೊಮ್ಮೆ ಬೈಗುಳ. "ಮೊದಮೊದಲು ಹೆಣ್ಣುಮಗು ಏನು ಅಳೀತದೆ ಅಂತಿದ್ರು. ಈಗ ಸರ್ವೆ ಅಮ್ಮ ಬರ್ಲಿ ಅಂತಾರೆ," ಎಂದಳು. ಶಾಜಿಯಾಳ ಮುಖ ಬಿಸಿಲಿಗೆ ಕೆಂಪಾಗಿತ್ತು, ಪಾದ ಮಣ್ಣಾಗಿತ್ತು. ಅಷ್ಟು ಚೆಂದ ಅವಳನ್ನು ನಾನು ನೋಡಿರಲಿಲ್ಲ.

ಬದುವಿನ ಆಚೆ ನಯಾಜ್ ನಿಂತಿದ್ದರು, ಗ್ರೀಸ್ ಅಂಟಿದ ಕೈಯನ್ನು ಎಲೆಯಲ್ಲಿ ಒರೆಸಿಕೊಳ್ಳುತ್ತಾ. ಮಗಳನ್ನು ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. ಅವರ ಮುಖ ನೋಡಿದರೆ ಎಲ್ಲ ಅರ್ಥವಾಗಿದೆ ಎಂದು ತಿಳಿಯುತ್ತಿತ್ತು.

"ಬಸ್ ರೆಡಿ ಆಯ್ತು" ಎಂದಷ್ಟೇ ಹೇಳಿ ತಿರುಗಿ ನಡೆದರು.

ನಾಗಮಂಗಲದಲ್ಲಿ ಇಳಿದಾಗ ಸಂಜೆ ನಾಲ್ಕರ ಹೊತ್ತು. ಇಲ್ಲಿನ ಕೋರ್ಟನ್ನೂ ನೋಡುವ ಯೋಚನೆ ಇತ್ತು. ನಯಾಜ್ "ಸಾಕು ಬುಡಿ ಮೇಡಂನೋರೆ, ನೋಡಾಯ್ತಲ್ಲ" ಎಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತುಬಿಟ್ಟರು. ನಾನೊಬ್ಬಳೇ ಹೋಗಿ ಬರುತ್ತೇನೆ ಎಂದು ಹೊರಟೆ. ಹುಡುಗಿಯಾಗಿದ್ದಾಗ ಶಾಲೆಯಿಂದ ಬರುವಾಗ ಈ ಕೋರ್ಟಿನ ಮುಂದೆಯೇ ಹಾದು ಬರುತ್ತಿದ್ದೆ. ವಕೀಲರು ಕರಿ ಕೋಟು ಮಡಚಿ ತೋಳಿಗೆ ಹಾಕಿಕೊಂಡು ಮಾತಾಡುತ್ತಾ ಹೊರಬರುತ್ತಿದ್ದರು. ಅವರ ನಡುವೆ ಒಬ್ಬಳೂ ಹೆಂಗಸಿರಲಿಲ್ಲ. ಆ ಗುಂಪಿನಲ್ಲಿ ನನ್ನನ್ನು ಇಟ್ಟು ನೋಡುತ್ತಾ ಮನೆ ಸೇರುತ್ತಿದ್ದೆ. ಈಗ ಕಲಾಪ ಮುಗಿಯುವ ಹೊತ್ತು. ಮೂವರು ಹುಡುಗಿಯರು, ಹೊಸ ವಕೀಲೆಯರೇ ಇರಬೇಕು, ಏನಕ್ಕೋ ನಗುತ್ತಾ ಮೆಟ್ಟಿಲಿಳಿದು ಬಂದರು. ಒಬ್ಬಳು ನಾನು ಕಕ್ಷಿದಾರಳೆಂದುಕೊಂಡು ನಿಂತು ಕೇಳಿದಳು, "ಯಾರು ಬೇಕಿತ್ತು ಆಂಟಿ?"

"ಯಾರೂ ಇಲ್ಲಮ್ಮ," ಎಂದೆ. "ಸುಮ್ಮನೆ ನೋಡೋಣ ಅಂತ ಬಂದೆ." ಅವಳು ಹೋದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದು, ಕಣ್ಣೊರೆಸಿಕೊಂಡು ವಾಪಸು ಬಂದೆ.

ನಿಲ್ದಾಣಕ್ಕೆ ಬಂದಾಗ ಅಪ್ಪ ಮಗಳು ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ಮನೆಯಲ್ಲಿ ಅವರು ಉರ್ದುವಿನಲ್ಲಿ ಮಾತಾಡುವವರು. ನನಗೂ ತಿಳಿಯಲಿ ಎಂದೋ ಏನೋ, ನಾನು ಬಂದು ಕೂತಾಗ ನಯಾಜ್ ಕನ್ನಡದಲ್ಲೇ ಶುರು ಮಾಡಿದರು.

"ಕೇಳಿ ಮೇಡಂನೋರೆ, ಏನಂತಾಳೆ ಅಂತ. ಪಾಲಿಟೆಕ್ನಿಕ್ ಸೇರ್ತಾಳಂತೆ. ಅತ್ತನೇ ಕ್ಲಾಸ್ ಮುಗ್ಸಿ ಬರೋ ಮಕ್ಕಳ ಜೊತೆ ಕುಂತು ಮೊದಲಿಂದ ಓದ್ತಾಳಂತೆ. ಬಿಸಿಲಲ್ಲಿ ಕೋಲು ಇಡ್ಕಂಡು ಒಲ ಒಲ ಸುತ್ತಾಕೆ. ನಾನು ಇವ್ಳನ್ನ ನೆರಳಲ್ಲಿ ಕೂರ್ಸಬೇಕು ಅಂತ ಇಷ್ಟು ವರ್ಷ ಬಿಸಿಲಲ್ಲಿ ತಿರುಗ್ದೆ."

ಶಾಜಿಯಾ ತಲೆ ತಗ್ಗಿಸಿರಲಿಲ್ಲ. "ಅಬ್ಬಾ, ನಿಮ್ಗೆ ಕೋರ್ಟಿನ ಒಳಗೆ ಹೋಗೋ ಆಸೆ ಇತ್ತು. ಬಾಗಿಲಲ್ಲೇ ನಿಲ್ಲಿಸಿದ್ರು, ಅದಕ್ಕೆ. ನಂಗೆ ಹೊರಗೆ ಹೋಗೋ ಆಸೆ. ನೀವು ಹೋಗೋ ಊರುಗಳನ್ನೆಲ್ಲ ನಾನೂ ನೋಡ್ಬೇಕು. ಕೂತಿದ್ದು ಸಾಕಾಗಿದೆ."

"ಜನ ಬಯ್ಯದು ಕೇಳುಸ್ಕಂಡ್ಯಲ್ಲ ಆ ಒಲದಲ್ಲಿ?"

"ಕಲ್ಲು ಸಿಕ್ಕಿದ್ಮೇಲೆ ಸುಮ್ನಾದ್ರಲ್ಲ."

ನಯಾಜ್ ನನ್ನ ಕಡೆ ನೋಡಿದರು. ನಾನು ಅವರ ಪಕ್ಷ ಹಿಡಿಯುತ್ತೇನೆ ಎಂದು ಅವರಿಗೆ ಭರವಸೆ ಇತ್ತು. ನನ್ನ ಮನಸ್ಸಿನ ಅರ್ಧ ಹಿಡಿದೂ ಇತ್ತು. ಆ ಮೂವರು ಹುಡುಗಿಯರ ನಡುವೆ ನಾಲ್ಕನೆಯವಳಾಗಿ ಶಾಜಿಯಾ ಮೆಟ್ಟಿಲಿಳಿದು ಬರುವುದನ್ನು ನಾನೂ ಆಗಲೇ ಕಂಡುಬಿಟ್ಟಿದ್ದೆ. ಆದರೂ ಹೇಳಿದೆ.

"ನಯಾಜ್ ಅವರೇ, ಆಸೆ ಇದ್ದೂ ಆಗದೆ ಉಳಿದವಳು ನಾನು. ಆಮೇಲೆ ಎಷ್ಟು ವರ್ಷ ಕಳೆದರೂ ಅದು ಹೋಗಲ್ಲ. ನಾವು ಅವಳಿಗೆ ಆಸೆ ಹುಟ್ಟಲಿ ಅಂತಲೇ ಕರ್ಕೊಂಡು ಬಂದ್ವಿ. ಹುಟ್ಟಿತು. ನಮ್ಮದು ಹುಟ್ಟಲಿಲ್ಲ, ಅವಳದು ಹುಟ್ಟಿತು, ಅಷ್ಟೆ."

ಪಾಂಡವಪುರದ ಮೇಲೆ ಹೋಗುವ ಬಸ್ಸು ಬಂತು. ಹತ್ತಿ ಕೂತೆವು. ಜಕ್ಕನಹಳ್ಳಿ ದಾಟುವವರೆಗೂ ನಯಾಜ್ ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು. ಮತ್ತೆ ನಾಲೆ, ಕಬ್ಬು ಶುರುವಾದವು. ತಂಪು ಗಾಳಿಗೆ ಶಾಜಿಯಾ ಅಪ್ಪನ ಹೆಗಲಿಗೆ ಒರಗಿ ನಿದ್ದೆ ಹೋದಳು. ಅವರು ಅಲುಗಾಡದೆ ಕೂತು, ಮೆಲ್ಲಗೆ ನನ್ನನ್ನು ಕೇಳಿದರು.

"ಆ ಸರ್ವೆ ಅಮ್ಮ ಆಕ್ಕಂಡಿದ್ರಲ್ಲ ಟೋಪಿ, ಅದು ಮೈಸೂರಲ್ಲಿ ಸಿಗ್ತದಾ ಮೇಡಂನೋರೆ? ಇವ್ಳಿಗೆ ಬಿಸಿಲು ತಡೆಯಾಕಿಲ್ಲ. ಚಿಕ್ಕೋಳಿದ್ದಾಗಿಂದ ಅಂಗೇ."

"ಸಿಗುತ್ತೆ" ಎಂದೆ.

ಶ್ರೀರಂಗಪಟ್ಟಣದಲ್ಲಿ ಇಳಿದಾಗ ದೀಪ ಹತ್ತುವ ಹೊತ್ತು. ಶಾಜಿಯಾ ನಮಸ್ಕಾರ ಹೇಳಿ ಆಟೊ ಕರೆಯಲು ಮುಂದೆ ಹೋದಳು. ನಯಾಜ್ ಹೋಗಲಿಲ್ಲ. ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡರು, ಮಗಳು ದೂರ ಹೋದಳೇ ಎಂದು ನೋಡಿದರು.

"ಮೇಡಂನೋರೆ, ಒಂದು ಮಾತು. ಲಾ ಓದಾಕೆ ವಯಸ್ಸು ಅಂತ ಏನಾರ ಐತಾ?"

"ಯಾಕೆ?"

"ಸುಮ್ನೆ ಕೇಳ್ದೆ." ನೆಲ ನೋಡಿದರು. "ಎಂಟು ಓದಿರೋರು ಮೊದ್ಲು ಏನು ಕಟ್ಬೇಕು?"

"ಎಸ್ಸೆಸ್ಸೆಲ್ಸಿ," ಎಂದೆ. "ಮನೇಲೇ ಓದಿ ಹೊರಗಿನಿಂದ ಕಟ್ಟಬಹುದು. ಆಮೇಲೆ ಪಿಯುಸಿ. ಪಾಠ ಬೇಕಾದರೆ ನಾನು ಹೇಳಿಕೊಡ್ತೀನಿ."

ಅವರು ಜೋರಾಗಿ ನಕ್ಕುಬಿಟ್ಟರು. "ಅಯ್ ಬುಡಿ ಮೇಡಂನೋರೆ, ಐವತ್ತಕ್ಕೆ ಬಂದೆ, ತಮಾಸೆಗೆ ಕೇಳುದ್ರೆ ನೀವು ಪಾಠಕ್ಕೇ ಕುಂತ್ಬುಟ್ರಿ!" ಎನ್ನುತ್ತಾ ಹೋಗಿ ಆಟೊದಲ್ಲಿ ಮಗಳ ಪಕ್ಕ ಕೂತರು. ಆಟೊ ಗಂಜಾಮಿನ ಕಡೆ ಹೊರಟಿತು. ತಿರುವಿನಲ್ಲಿ ಅವರು ತಲೆ ಹೊರಗೆ ಹಾಕಿ ನನ್ನತ್ತ ನೋಡಿದರು. ಆಗ ಮುಖದಲ್ಲಿ ನಗು ಇರಲಿಲ್ಲ.

"ಯಾವ ದಿವ್ಸ ಬರ್ಲಿ?" ಎಂದು ಕೂಗಿದರು.